ಕೊಲಂಬಸ್‌ಗೆ ಬರುತ್ತಿದ್ದೀರಾ? ಮನೆ ಹುಡುಕುವ ಮುಂಚೆ ಊರಿನ ಕಥೆ ಕೇಳಿ

ಮೊದಲು ಟಿಕೆಟ್ ವಿಷಯ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಕೊಲಂಬಸ್ ಅನ್ನೋ ಊರು ಒಂದೇ ಅಲ್ಲ. ನಾವಿರುವುದು ಇಂಡಿಯಾನಾ ರಾಜ್ಯದ ಕೊಲಂಬಸ್. ನಿಮ್ಮ ಕಡೆಯವರು ಬರುವುದಾದರೆ ಇಂಡಿಯಾನಾಪೊಲಿಸ್‌ಗೆ ಟಿಕೆಟ್ ಮಾಡಿಸಿ. ಅಲ್ಲಿಂದ ಇಲ್ಲಿಗೆ ಕಾರಿನಲ್ಲಿ ಒಂದು ಗಂಟೆ.

2002ರಲ್ಲಿ ನಮ್ಮ ಮಗಳನ್ನು ನೋಡಲು ಅಪ್ಪ ಅಮ್ಮ ಮೊದಲ ಸಲ ಹೊರಟಾಗ ನಾನು ಇದನ್ನು ಸರಿಯಾಗಿ ನೋಡಲಿಲ್ಲ. ಕೊಲಂಬಸ್ ಎಂದು ಕಂಡದ್ದೇ ತಡ, ಟಿಕೆಟ್ ಮಾಡಿಸಿಬಿಟ್ಟೆ. ಅವರು ಇಳಿದದ್ದು ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ. ನನಗೆ ಗೊತ್ತಾಗುವ ಹೊತ್ತಿಗೆ ಅವರು ವಿಮಾನದಲ್ಲಿದ್ದರು. ಮೂರು ಗಂಟೆಗೂ ಜಾಸ್ತಿ ಕಾರು ಓಡಿಸಿಕೊಂಡು ಹೋದೆ. ಅಮ್ಮ ಬೆಂಚಿನ ಮೇಲೆ ಕೈಚೀಲ ಅಪ್ಪಿಕೊಂಡು ಕೂತಿದ್ದರು. ಒಂದು ತೊಟ್ಟು ನೀರೂ ಕುಡಿದಿರಲಿಲ್ಲ. ಯಾರನ್ನು ಏನೆಂದು ಕೇಳಬೇಕು ಎಂದೇ ತೋಚಿರಲಿಲ್ಲ ಅವರಿಗೆ. ಅಪ್ಪ ಬೈಯಲಿಲ್ಲ. ದಾರಿಯಲ್ಲಿ ಒಂದೇ ಒಂದು ಮಾತು ಕೇಳಿದರು: "ನೀನಿರೋ ಊರಿಗೆ ಈ ಹೆಸರು ಯಾಕೆ ಬಂತು?"

ನನಗೆ ಗೊತ್ತಿರಲಿಲ್ಲ. ಆಗಲೇ ಮೂರು ವರ್ಷ ಇಲ್ಲಿ ಇದ್ದೆ. ದಿನಾ ಆಫೀಸಿಗೆ ಹೋಗುವಾಗ ಕೋರ್ಟ್‌ಹೌಸಿನ ಗೋಪುರ ಕಾಣುತ್ತಿತ್ತು. ಅದನ್ನು ಯಾವಾಗ ಕಟ್ಟಿದರು ಎಂದು ಒಂದು ದಿನವೂ ಕೇಳಿರಲಿಲ್ಲ. ಈ ಊರು ನನಗೆ ಬಸ್‌ಸ್ಟ್ಯಾಂಡಿನ ಹಾಗೆ ಇತ್ತು. ಶನಿವಾರ ಬಂದರೆ ದೇವಸ್ಥಾನ, ದಿನಸಿ ಅಂತ ಇಂಡಿಯಾನಾಪೊಲಿಸ್‌ಗೆ ಓಡುತ್ತಿದ್ದೆ. "ಇಲ್ಲೇನಿದೆ ಇತಿಹಾಸ? ಇನ್ನೂರು ವರ್ಷವೂ ಆಗಿಲ್ಲ. ನಮ್ಮೂರ ದೇವಸ್ಥಾನಕ್ಕೇ ಎಂಟುನೂರು ವರ್ಷ" ಎಂದು ಆಫೀಸಿನಲ್ಲಿ ಎಲ್ಲರೆದುರು ಹೇಳಿದ್ದೂ ಉಂಟು. ಆ ಮಾತು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಅದನ್ನು ಕೇಳಿಸಿಕೊಂಡವರಲ್ಲಿ ಐದಾರು ತಲೆಮಾರಿನಿಂದ ಇಲ್ಲೇ ಉತ್ತು ಬೆಳೆದ ಮನೆಯವರಿದ್ದರು.

ಅದಕ್ಕೇ ನಿಮಗೆ ಈ ಊರು ಹುಟ್ಟಿದ ಕಥೆಯನ್ನು ಮೊದಲೇ ಹೇಳುತ್ತಿದ್ದೇನೆ.

ನಮ್ಮಲ್ಲಿ ತಾಲೂಕು ಕೇಂದ್ರ ಇದ್ದ ಹಾಗೆ ಇಲ್ಲಿ ಕೌಂಟಿ ಸೀಟ್. ಇಂಡಿಯಾನಾದಲ್ಲಿ 92 ಕೌಂಟಿಗಳಿವೆ. ನಮ್ಮದು ಬಾರ್ಥಲೋಮ್ಯೂ ಕೌಂಟಿ. ಅದರ ಕೇಂದ್ರ ಕೊಲಂಬಸ್. ಜಮೀನಿನ ದಾಖಲೆ, ಮದುವೆ ಲೈಸೆನ್ಸ್, ಕೋರ್ಟು, ಕಂದಾಯ, ಎಲ್ಲವೂ ಇಲ್ಲೇ. ರೈತ ಬೆಳಿಗ್ಗೆ ಕುದುರೆ ಹತ್ತಿ ಹೊರಟರೆ ಕೋರ್ಟಿನ ಕೆಲಸ ಮುಗಿಸಿ ಹೆಚ್ಚು ಅಲೆಯದೆ ಮನೆ ಸೇರಬೇಕು, ಕೌಂಟಿ ಅಷ್ಟೇ ದೊಡ್ಡದಿರಬೇಕು ಎನ್ನುವುದು ಆ ಕಾಲದವರ ಲೆಕ್ಕ. ಹಾಗಾಗಿ ಕೌಂಟಿ ಸೀಟ್ ಆದ ಊರಿಗೆ ಜನ ಬರುತ್ತಿದ್ದರು. ಅಂಗಡಿ, ವಕೀಲರು, ಕುದುರೆಲಾಯ, ಊಟದ ಮನೆ ಎಲ್ಲವೂ ಅಲ್ಲೇ ಬೆಳೆಯುತ್ತಿದ್ದವು. ಆ ಪಟ್ಟ ಸಿಗದ ಊರು ಎಷ್ಟೋ ಕಡೆ ಹಳ್ಳಿಯಾಗಿಯೇ ಉಳಿಯಿತು. ತಾಲೂಕು ಕಚೇರಿ ಯಾವ ಊರಿಗೆ ಎಂದು ನಮ್ಮಲ್ಲಿ ಬಂದ್ ಮಾಡಿ ಜಗಳವಾಡುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ಊರು ಹುಟ್ಟಿದ್ದು 1821ರಲ್ಲಿ. ಆದರೆ ಕಥೆ ಅಲ್ಲಿಂದ ಶುರುವಾಗುವುದಿಲ್ಲ.

ಇದು ಲೆನಾಪೆ ಎಂಬ ಮೂಲನಿವಾಸಿ ಜನರ ನೆಲವಾಗಿತ್ತು. ಇಂಗ್ಲಿಷರು ಅವರನ್ನು ಡೆಲವೇರ್ ಎಂದು ಕರೆದರು. ಅವರೂ ಮೂಲತಃ ಇಲ್ಲಿಯವರಲ್ಲ. ಪೂರ್ವದ ಸಮುದ್ರ ತೀರದಿಂದ ಬಿಳಿಯರು ತಳ್ಳುತ್ತ ತಳ್ಳುತ್ತ, ಕೊನೆಗೆ ವೈಟ್ ನದಿಯ ದಂಡೆಗೆ ಬಂದು ಊರು ಕಟ್ಟಿಕೊಂಡಿದ್ದರು. 1818ರ ಅಕ್ಟೋಬರ್‌ನಲ್ಲಿ ಒಹಾಯೊದ ಸೇಂಟ್ ಮೇರೀಸ್ ಎಂಬಲ್ಲಿ ಒಪ್ಪಂದವಾಯಿತು. ಇಂಡಿಯಾನಾದ ಮಧ್ಯಭಾಗವನ್ನೆಲ್ಲ ಬಿಟ್ಟುಕೊಡಬೇಕು, ಹೊರಡಲು ಮೂರು ವರ್ಷ ಸಮಯ ಎಂದು ಅದರಲ್ಲಿತ್ತು. ಈ ಭಾಗಕ್ಕೆ ಬಿಳಿಯರು ಇಟ್ಟ ಹೆಸರು 'ಹೊಸ ಖರೀದಿ'. ಮೂರು ವರ್ಷ ಎಂದರೆ 1821. ಅವರ ಗಡುವು ಮುಗಿದ ವರ್ಷವೇ ನಮ್ಮ ಊರು ಹುಟ್ಟಿದ ವರ್ಷ. ಆಮೇಲೆ ಅವರು ಮಿಸ್ಸೂರಿಗೆ, ಕ್ಯಾನ್ಸಾಸ್‌ಗೆ, ಕೊನೆಗೆ ಒಕ್ಲಹೋಮಾಗೆ ಹೋಗಬೇಕಾಯಿತು. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಈಗಲೂ ಅಲ್ಲಿದ್ದಾರೆ. ನಾವು "ನೇಟಿವ್" ಎಂದು ಯಾರನ್ನೋ ಅಂದುಕೊಂಡು ಮಾತಾಡುತ್ತೇವೆ ಅಲ್ವಾ, ಆಗ ಇದು ನೆನಪಿರಲಿ.

ಈಗ ಜಾನ್ ಟಿಪ್ಟನ್ ಕಥೆ. ಈ ಮನುಷ್ಯನ ಬಗ್ಗೆ ಓದಿದ ಮೇಲೆ ನನಗೆ ಎರಡು ದಿನ ಸರಿಯಾಗಿ ನಿದ್ದೆ ಬರಲಿಲ್ಲ.

ಟಿಪ್ಟನ್ ಹುಟ್ಟಿದ್ದು 1786ರಲ್ಲಿ, ಟೆನೆಸ್ಸೀ ಕಡೆ. ಮೂಲನಿವಾಸಿಗಳ ಜೊತೆಗಿನ ಕಾದಾಟದಲ್ಲಿ ಅವನ ಅಪ್ಪ ಸತ್ತಾಗ ಇವನಿನ್ನೂ ಚಿಕ್ಕ ಹುಡುಗ. ದೊಡ್ಡವನಾಗಿ 1811ರಲ್ಲಿ ಮೂಲನಿವಾಸಿಗಳ ವಿರುದ್ಧ ನಡೆದ ಟಿಪ್ಪೆಕನೂ ಯುದ್ಧದಲ್ಲಿ ಹೋರಾಡಿದ. ಅದೇ ಯುದ್ಧದಲ್ಲಿ ಗಾಯಗೊಂಡ ಜೋಸೆಫ್ ಬಾರ್ಥಲೋಮ್ಯೂ ಹೆಸರನ್ನೇ ನಮ್ಮ ಕೌಂಟಿಗೆ ಇಟ್ಟಿದ್ದಾರೆ. 1820ರಲ್ಲಿ ಇಂಡಿಯಾನಾಪೊಲಿಸ್ ಜಾಗವನ್ನು ರಾಜಧಾನಿಗೆ ಆರಿಸಿದ ಸಮಿತಿಯಲ್ಲೂ ಟಿಪ್ಟನ್ ಇದ್ದ. ಅದೇ ಹೊತ್ತಿಗೆ ಇಲ್ಲಿ ನದಿಯ ಮೇಲಿನ ದಿಬ್ಬದಲ್ಲಿ ಮರದ ದಿಮ್ಮಿಗಳ ಮನೆ ಕಟ್ಟಿದ. ಡ್ರಿಫ್ಟ್‌ವುಡ್ ಮತ್ತು ಫ್ಲಾಟ್‌ರಾಕ್ ಎಂಬ ಎರಡು ನದಿಗಳು ನಮ್ಮ ಊರ ಹತ್ತಿರ ಕೂಡುತ್ತವೆ. ಅಲ್ಲಿಂದ ಮುಂದೆ ಅದು ವೈಟ್ ನದಿಯ ಪೂರ್ವ ಕವಲು.

1821ರಲ್ಲಿ ಕೌಂಟಿ ಆಯಿತು. ಕೇಂದ್ರಕ್ಕೆ ಜಾಗ ಬೇಕಿತ್ತು. ಟಿಪ್ಟನ್‌ನ 30 ಎಕರೆ ಜಮೀನಿನ ಮೇಲೆ ಊರು ಎಂದು ತೀರ್ಮಾನವಾಯಿತು. ಊರಿಗೆ ಅವನ ಹೆಸರಿನಿಂದಲೇ ಟಿಪ್ಟೋನಾ ಎಂದು ಕರೆದರು. ಅದು ಕೆಲವೇ ವಾರ. ಮಾರ್ಚ್ 20ಕ್ಕೆ ಕೌಂಟಿಯ ಕಮಿಷನರುಗಳು ಹೆಸರು ಬದಲಿಸಿ ಕೊಲಂಬಸ್ ಎಂದು ಮಾಡಿದರು. ಟಿಪ್ಟನ್‌ಗೆ ಬಹಳ ನೋವಾಯಿತು, ಸಿಟ್ಟಿನಿಂದ ಊರು ಬಿಟ್ಟ ಎಂದು ಇಲ್ಲಿಯ ಹಳಬರು ಇಂದಿಗೂ ಹೇಳುತ್ತಾರೆ. 1823ರಲ್ಲಿ ಅವನು ಉತ್ತರಕ್ಕೆ ಫೋರ್ಟ್ ವೇನ್‌ಗೆ ಹೋದ. ಮೂಲನಿವಾಸಿಗಳ ವ್ಯವಹಾರ ನೋಡುವ ಸರ್ಕಾರಿ ಏಜೆಂಟ್ ಕೆಲಸ. ಆಮೇಲೆ ಸೆನೆಟರ್ ಕೂಡ ಆದ.

ಇಲ್ಲಿಯವರೆಗೆ ಕೇಳಿದಾಗ ನನಗೆ ಅವನ ಮೇಲೆ ಅಯ್ಯೋ ಅನ್ನಿಸಿತ್ತು. ತನ್ನ ನೆಲದಲ್ಲೇ ತನ್ನ ಹೆಸರು ಅಳಿಸಿಹೋಯಿತಲ್ಲ ಎಂದು. ನಮ್ಮ ಹೆಸರನ್ನು ಇಲ್ಲಿಯವರು ತಿರುಚಿ ಕರೆದಾಗ ನಮಗೂ ಚುರುಕ್ ಅನ್ನುತ್ತದೆ ಅಲ್ವಾ.

ಆದರೆ 1838ರ ಸೆಪ್ಟೆಂಬರ್‌ನಲ್ಲಿ ಇದೇ ಟಿಪ್ಟನ್ ಶಸ್ತ್ರ ಹಿಡಿದ ದಳ ಕಟ್ಟಿಕೊಂಡು ಉತ್ತರ ಇಂಡಿಯಾನಾದ ಟ್ವಿನ್ ಲೇಕ್ಸ್‌ಗೆ ಹೋದ. ಅಲ್ಲಿದ್ದವರು ಪೊಟವಾಟಮಿ ಎಂಬ ಮೂಲನಿವಾಸಿ ಜನ. ಅವರನ್ನು ಮನೆಗಳಿಂದ ಎಬ್ಬಿಸಿ ಕ್ಯಾನ್ಸಾಸ್ ಕಡೆಗೆ ನಡೆಸಿದರು. ಸುಮಾರು 850 ಜನ. ಸುಮಾರು 660 ಮೈಲಿ. ಎರಡು ತಿಂಗಳು. ದಾರಿಯಲ್ಲಿ 40ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳೇ ಜಾಸ್ತಿ. ಅದನ್ನು ಸಾವಿನ ಹಾದಿ ಎಂದು ಕರೆಯುತ್ತಾರೆ. ಮರುವರ್ಷ, 1839ರಲ್ಲಿ, ಟಿಪ್ಟನ್ ಕೂಡ ತೀರಿಕೊಂಡ.

ಒಂದು ಊರಿನ ಹೆಸರು ಹೋಯಿತೆಂದು ನೊಂದವನು ಅಷ್ಟು ಮನೆಗಳನ್ನು ಖಾಲಿ ಮಾಡಿಸಿದ. ಇದನ್ನು ಹೇಗೆ ಅರ್ಥಮಾಡಿಕೊಳ್ಳುವುದು ಎಂದು ನನಗೆ ಇನ್ನೂ ತಿಳಿದಿಲ್ಲ. ಕೊಲಂಬಸ್‌ನಲ್ಲಿ ಅವನ ಹೆಸರು ಈಗಲೂ ಕಿವಿಗೆ ಬೀಳುತ್ತದೆ. ಪಶ್ಚಿಮಕ್ಕೆ ಟಿಪ್ಟನ್ ಲೇಕ್ಸ್ ಎಂಬ ಬಡಾವಣೆ ಇದೆ. ನೀವು ಮನೆ ಹುಡುಕುವಾಗ ಆ ಹೆಸರು ಖಂಡಿತ ಕೇಳುತ್ತೀರಿ. ಕೆರೆ ಚೆನ್ನಾಗಿದೆ, ವಾಕಿಂಗ್ ದಾರಿ ಚೆನ್ನಾಗಿದೆ. ಹೆಸರು ಯಾರದ್ದು ಎಂದು ತಿಳಿದು ನಡೆಯಿರಿ.

ಮನೆ ಎಂದ ಕೂಡಲೇ ನನ್ನ ಇನ್ನೊಂದು ತಪ್ಪು ಹೇಳಬೇಕು. ಅದು ಮೊದಲನೆಯದಕ್ಕಿಂತ ದೊಡ್ಡದು.

ಮೊದಲು ಬಂದವರು ದಿಬ್ಬ ನೋಡಿ ಮನೆ ಕಟ್ಟಿದರು ಎಂದೆನಲ್ಲ. ಅದಕ್ಕೆ ಕಾರಣವಿತ್ತು. ಇಲ್ಲಿಯ ನದಿಗಳು ಮಟ್ಟಸ ನೆಲದಲ್ಲಿ ಹರಿಯುತ್ತವೆ. ಜೋರು ಮಳೆ ಬಂದರೆ ನೀರು ಅಗಲಕ್ಕೆ ಹರಡುತ್ತದೆ. ಜೊತೆಗೆ ನದಿ ಬಯಲಿನಲ್ಲಿ ಚಳಿಜ್ವರ. ಮಲೆನಾಡಿನಲ್ಲಿ ನಮ್ಮ ಹಿರಿಯರು ನಡುಗಿ ಸತ್ತ ಮಲೇರಿಯಾವೇ ಇಲ್ಲೂ ಇತ್ತು. ಇದರ ಜೊತೆ ಹಾಲಿನ ಕಾಯಿಲೆ. ಕಾಡಿನ ಒಂದು ವಿಷದ ಗಿಡ ತಿಂದ ಹಸುವಿನ ಹಾಲು ಕುಡಿದರೆ ಜನ ಸಾಯುತ್ತಿದ್ದರು. ಅಬ್ರಹಾಂ ಲಿಂಕನ್ ತಾಯಿ ನ್ಯಾನ್ಸಿ ಹ್ಯಾಂಕ್ಸ್ 1818ರಲ್ಲಿ ತೀರಿಕೊಂಡದ್ದು ಇದರಿಂದಲೇ ಎನ್ನುತ್ತಾರೆ. ಅದೂ ಇದೇ ಇಂಡಿಯಾನಾದಲ್ಲಿ, ನಮ್ಮಿಂದ ದಕ್ಷಿಣಕ್ಕೆ. ಲಿಂಕನ್‌ಗೆ ಆಗ ಒಂಬತ್ತು ವರ್ಷ.

ಇದೊಂದನ್ನೂ ತಿಳಿಯದೆ 2003ರಲ್ಲಿ ನಾನು ಮನೆ ಕೊಂಡೆ. ಹಾ ಕ್ರೀಕ್ ಎಂಬ ಹಳ್ಳದ ಹತ್ತಿರ. ಹಿತ್ತಲಲ್ಲಿ ನೀರಿನ ಸದ್ದು ಕೇಳುತ್ತದೆ, ಊರಿನ ಹಾಗೇ ಇದೆ ಎಂದು ಮನಸ್ಸು ಸೋತಿತು. ಪಕ್ಕದ ಮನೆಯ ಹಿರಿಯರು ಒಂದು ಸಲ "ಈ ಹಳ್ಳವನ್ನು ನಂಬಬೇಡ" ಎಂದಿದ್ದರು. ಬೇಸಿಗೆಯಲ್ಲಿ ಮೊಣಕಾಲು ಮುಳುಗದ ನೀರು, ನಕ್ಕು ಸುಮ್ನಾದೆ.

2008ರ ಜೂನ್ 7, ಶನಿವಾರ. ರಾತ್ರಿಯಿಂದ ಸುರಿದ ಮಳೆಗೆ ಹಳ್ಳ ಉಕ್ಕಿತು. ನೋಡನೋಡುತ್ತ ನೀರು ಬೀದಿಗೆ ಬಂತು. ಊರ ಆಸ್ಪತ್ರೆಯ ನೆಲಮಾಳಿಗೆ ತುಂಬಿ, ರೋಗಿಗಳನ್ನೆಲ್ಲ ಬೇರೆ ಕಡೆಗೆ ಸಾಗಿಸಿದರು. ಅದು ಮತ್ತೆ ಪೂರ್ತಿ ತೆರೆಯಲು ತಿಂಗಳುಗಳೇ ಹಿಡಿದವು. ನಮ್ಮ ಮನೆಯ ಬೇಸ್‌ಮೆಂಟ್ ಛಾವಣಿಯವರೆಗೆ ತುಂಬಿತು. ನಾವು ಮೂವರೂ ಕ್ಷೇಮ. ಪಕ್ಕದ ಮನೆಯ ಹಿರಿಯರೇ ಬಂದು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಎತ್ತರದ ರಸ್ತೆಗೆ ದಾಟಿಸಿದರು.

ಬೇಸ್‌ಮೆಂಟಿನಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇತ್ತು. ಅದರಲ್ಲಿ ಅಪ್ಪನ ಕಾಗದಗಳು. ನಾನು 1999ರಲ್ಲಿ ಬಂದಾಗಿನಿಂದ ಅವರು ತೀರಿಕೊಂಡ 2006ರವರೆಗೆ ಬರೆದ ನೀಲಿ ಏರೋಗ್ರಾಂಗಳು. ಫೋನಿದ್ದರೂ ಅಪ್ಪ ಕಾಗದ ಬಿಟ್ಟಿರಲಿಲ್ಲ. ಅರಸೀಕೆರೆಯ ಸುದ್ದಿ ಎಲ್ಲ ಅದರಲ್ಲಿರುತ್ತಿತ್ತು. ಕೆರೆ ತುಂಬಿತೇ ಇಲ್ಲವೇ, ತೆಂಗಿನ ಕಾಯಿಗೆ ಎಷ್ಟು ಬೆಲೆ, ರೈಲ್ವೆ ಸ್ಟೇಷನ್ನಿನಲ್ಲಿ ಯಾರು ಸಿಕ್ಕಿದರು, ನಮ್ಮ ಬೀದಿಗೆ ಹೆಸರು ಹೇಗೆ ಬಂತು. ಎಷ್ಟನ್ನೋ ನಾನು ಒಂದು ಸಲ ಮಾತ್ರ ಓದಿದ್ದೆ. ಮುಂದೆ ನಿಧಾನವಾಗಿ ಓದೋಣ ಎಂದು ಎತ್ತಿಟ್ಟಿದ್ದೆ. ನೀರು ಇಳಿದ ಮೇಲೆ ಪೆಟ್ಟಿಗೆ ಎತ್ತಿದರೆ ಕೈಗೆ ಬಂದದ್ದು ನೀಲಿ ಹಿಟ್ಟು.

ಹಾಗಾಗಿ ಮನೆ ಕೊಳ್ಳುವ ಮುಂಚೆ ಪ್ರವಾಹದ ನಕ್ಷೆ ನೋಡಿ. ಸಾಮಾನ್ಯ ಮನೆ ವಿಮೆ ಪ್ರವಾಹಕ್ಕೆ ಆಗುವುದಿಲ್ಲ, ಬೇರೆಯೇ ಮಾಡಿಸಬೇಕು. ಅದೂ ಸಾಮಾನ್ಯವಾಗಿ 30 ದಿನ ಕಳೆದ ಮೇಲೆಯೇ ಜಾರಿಗೆ ಬರುತ್ತದೆ. ಬೀದಿಯಲ್ಲಿ ಎಲ್ಲರಿಗಿಂತ ಹಳಬರು ಯಾರೋ ಅವರನ್ನು ಕೇಳಿ. ಮತ್ತೆ ಊರಿಂದ ತಂದ ಕಾಗದ, ಫೋಟೋಗಳನ್ನು ದಯವಿಟ್ಟು ಬೇಸ್‌ಮೆಂಟಿನಲ್ಲಿ ಇಡಬೇಡಿ.

ಕಾಗದಪತ್ರದ ಕೆಲಸ ಬೇಗ ಹೇಳಿಬಿಡುತ್ತೇನೆ: ಮನೆ ಕೊಂಡರೆ ಕೌಂಟಿ ಆಡಿಟರ್ ಕಚೇರಿಯಲ್ಲಿ ಸ್ವಂತ ವಾಸದ ಮನೆಯ ತೆರಿಗೆ ರಿಯಾಯಿತಿ, ಅಂದರೆ ಹೋಮ್‌ಸ್ಟೆಡ್, ಬರೆಸಿಕೊಳ್ಳಿ. ಮನೆ ಕಂದಾಯ ಮೇ 10, ನವೆಂಬರ್ 10ಕ್ಕೆ ಎರಡು ಕಂತು. ಅಷ್ಟೇ.

ಊರು ಬೆಳೆದದ್ದು ರೈಲಿನಿಂದ. 1844ರಲ್ಲಿ ಮ್ಯಾಡಿಸನ್-ಇಂಡಿಯಾನಾಪೊಲಿಸ್ ರೈಲು ಕೊಲಂಬಸ್‌ಗೆ ಬಂತು. ಬೆಂಗಳೂರಿಗೆ ರೈಲು ಬಂದದ್ದು ಅದಕ್ಕೆ 20 ವರ್ಷದ ಮೇಲೆ, 1864ರಲ್ಲಿ. ಅಲ್ಲಿಯವರೆಗೆ ರೈತರು ಹಂದಿಗಳನ್ನು ಕಾಡುದಾರಿಯಲ್ಲಿ ಹೊಡೆದುಕೊಂಡು ಒಹಾಯೊ ನದಿಯ ಬಂದರಿಗೆ ಹೋಗಬೇಕಿತ್ತು. ರೈಲು ಬಂದ ಮೇಲೆ ಮೆಕ್ಕೆಜೋಳ, ಹಂದಿ, ಮರ ಎಲ್ಲವೂ ಇಲ್ಲಿಂದಲೇ ಹೊರಟವು. ಅರಸೀಕೆರೆ ಜಂಕ್ಷನ್ನಿನಲ್ಲಿ ಬೆಳೆದ ನನಗೆ ಇದನ್ನು ಓದುವಾಗ ಕೊಬ್ಬರಿ ಚೀಲಗಳು ಕಣ್ಣ ಮುಂದೆ ಬಂದವು. ಕೈಯಲ್ಲಿ ದುಡ್ಡು ಓಡಾಡಿದ ಮೇಲೆ ಊರಿನವರು ದೊಡ್ಡ ಕೋರ್ಟ್‌ಹೌಸ್ ಕಟ್ಟಿದರು. ಐಸಾಕ್ ಹಾಡ್ಜ್‌ಸನ್ ಅದರ ವಾಸ್ತುಶಿಲ್ಪಿ. 1874ರಲ್ಲಿ ಮುಗಿಯಿತು. ಕೆಂಪು ಇಟ್ಟಿಗೆಯ ಕಟ್ಟಡ, ಇಂದಿಗೂ ಅದರಲ್ಲೇ ಕೋರ್ಟು ನಡೆಯುತ್ತದೆ. ಗಡಿಯಾರದ ಗೋಪುರದ ಕೆಳಗೆ ಒಂದು ಸಲ ಸುಮ್ನೆ ನಿಂತು ನೋಡಿ.

ನಮ್ಮಲ್ಲಿ ಬಹಳ ಜನ ಇಲ್ಲಿಗೆ ಬಂದದ್ದು ಡೀಸೆಲ್ ಎಂಜಿನ್ ಮಾಡುವ ಕಮಿನ್ಸ್ ಕಂಪನಿಯ ಕೆಲಸಕ್ಕೆ. ಅದು ಶುರುವಾದದ್ದು 1919ರಲ್ಲಿ. ಕ್ಲೆಸ್ಸಿ ಕಮಿನ್ಸ್ ಎಂಬ ಮೆಕ್ಯಾನಿಕ್, ತಾನು ಕಾರು ಓಡಿಸುತ್ತಿದ್ದ ಇರ್ವಿನ್ ಮನೆತನದ ಬ್ಯಾಂಕರ್‌ನ ದುಡ್ಡಿನಿಂದ ಶುರುಮಾಡಿದ. 1937ರವರೆಗೆ ಲಾಭದ ಮುಖ ನೋಡಲಿಲ್ಲ. ಆದರೂ ಆ ಮನೆಯವರು ಕೈಬಿಡಲಿಲ್ಲ. 1962ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಕಮಿನ್ಸ್ ಆಯಿತು. ಕಿರ್ಲೋಸ್ಕರ್ ಉದ್ಯಮದ ಬೇರು ನಮ್ಮ ಬೆಳಗಾವಿಯಲ್ಲಿದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಸೈಕಲ್ ಅಂಗಡಿ ತೆರೆದದ್ದು ಅಲ್ಲೇ. ಬೆಳಗಾವಿಯ ಸೈಕಲ್ ಅಂಗಡಿಯಿಂದ ಪುಣೆಗೆ, ಪುಣೆಯಿಂದ ಈ ನದಿ ದಂಡೆಗೆ ಹೀಗೊಂದು ದಾರಿ ಇದೆ. ನಾನು ಬಂದದ್ದೂ ಅದೇ ದಾರಿಯಲ್ಲಿ.

ಈಗ ಮಕ್ಕಳ ವಿಷಯ. ಇಂಡಿಯಾನಾದಲ್ಲಿ ನಾಲ್ಕನೇ ತರಗತಿಯ ಮಕ್ಕಳಿಗೆ ರಾಜ್ಯದ ಇತಿಹಾಸ ಹೇಳಿಕೊಡುತ್ತಾರೆ. ನಿಮ್ಮ ಮಗುವೂ ಒಂದು ದಿನ ಬಂದು ಊರಿನ ಬಗ್ಗೆ ಕೇಳುತ್ತದೆ. ನಮ್ಮ ಮಗಳು ಕೇಳಿದಾಗ ನಾನು "ಗಣಿತ ಮುಗಿಸು ಮೊದಲು" ಎಂದೆ. ಅವಳು ಒಬ್ಬಳೇ ಲೈಬ್ರರಿಯಲ್ಲಿ ಕೂತು ಟಿಪ್ಟೋನಾ ಕಥೆ ಬರೆದಳು. ಹೆಸರಾಂತ ವಾಸ್ತುಶಿಲ್ಪಿ ಐ.ಎಂ. ಪೇ ವಿನ್ಯಾಸ ಮಾಡಿದ ಲೈಬ್ರರಿ ಅದು, 1969ರದ್ದು. ಸ್ಥಳೀಯ ಇತಿಹಾಸದ ಪುಸ್ತಕಗಳು ಅಲ್ಲಿ ಚೆನ್ನಾಗಿವೆ. ನನಗೆ ಈ ಊರಿನ ಕಥೆ ಮೊದಲು ಹೇಳಿದವಳು ಅವಳೇ, ಅಡುಗೆಮನೆಯಲ್ಲಿ ನಿಂತು, ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ. ಹೇಳಿ ಮುಗಿಸಿ ಕೇಳಿದಳು: "ಅಪ್ಪ, ಅರಸೀಕೆರೆ ಅಂದ್ರೆ ರಾಣಿ ಕೆರೆ ಅಲ್ವಾ? ಯಾವ ರಾಣಿ?"

ಹೊಯ್ಸಳರ ಕಾಲದ ರಾಣಿ ಎಂದೆ. ಹೆಸರು ಕೇಳಿದಳು. ಗೊತ್ತಿಲ್ಲ ಎಂದೆ. ಸುಮಾರು 1220ರ ಈಶ್ವರ ದೇವಸ್ಥಾನ, ಅದರ ನಕ್ಷತ್ರದ ಆಕಾರದ ಮಂಟಪ, ಅಲ್ಲಿ ನಾನು ಸಾವಿರ ಸಲ ಆಡಿದ್ದೇನೆ. ಆಫೀಸಿನಲ್ಲಿ ಎಂಟುನೂರು ವರ್ಷ ಎಂದು ಹೇಳಿಕೊಂಡವನು ನಾನೇ. ಅಪ್ಪ ಇದ್ದಿದ್ದರೆ ಒಂದು ಕಾಗದ ಬರೆದು ಕೇಳಬಹುದಿತ್ತು. ಅವರು ಆಗಲೇ ಬರೆದಿದ್ದರೋ ಏನೋ. ಆ ನೀಲಿ ಹಿಟ್ಟಿನಲ್ಲಿ ಇತ್ತೋ ಏನೋ.

ನಮ್ಮ ಕಡೆಯ ಊರುಗಳ ಕಥೆ ಕೇಳಿ ಬರೆಸಿದವನು ಕಾಲಿನ್ ಮೆಕೆಂಜಿ. 1799ರಲ್ಲಿ ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯನ್ನು ಅಳೆಯಲು ಬಂದ ಸರ್ವೆಯವನು. ಹಳ್ಳಿಹಳ್ಳಿಗೆ ಜನ ಕಳಿಸಿ, ಶಾನುಭೋಗರಿಂದ, ಹಿರಿಯರಿಂದ ಊರಿನ ಕೈಫಿಯತ್ತು ಬರೆಸಿಕೊಂಡ. ಅವನು ತೀರಿಕೊಂಡದ್ದು 1821ರ ಮೇ ತಿಂಗಳಲ್ಲಿ. ಟಿಪ್ಟೋನಾ ಹೆಸರು ಹೋಗಿ ಇನ್ನೂ ಎರಡು ತಿಂಗಳೂ ಆಗಿರಲಿಲ್ಲ. ಅವನು ಬಂದದ್ದು ಕಂಪನಿ ಸರ್ಕಾರದ ಕೆಲಸಕ್ಕೆ. ಆದರೂ ಕೇಳಿದನಲ್ಲ, ನಿಮ್ಮ ಊರು ಹೇಗೆ ಹುಟ್ಟಿತು ಎಂದು. ಅಷ್ಟು ದೂರದವನು ಕೇಳಿದ್ದನ್ನು ಅಲ್ಲೇ ಹುಟ್ಟಿದ ನಾನು ಕೇಳಲಿಲ್ಲ.

ಕೋರ್ಟ್‌ಹೌಸ್ ಪಕ್ಕದಲ್ಲಿ ಯುದ್ಧದಲ್ಲಿ ಸತ್ತ ಈ ಕೌಂಟಿಯ ಸೈನಿಕರ ಸ್ಮಾರಕ ಇದೆ. 1997ರದ್ದು. ಸುಣ್ಣಕಲ್ಲಿನ 25 ಎತ್ತರದ ಕಂಬಗಳು. ಹೊರಗಿನಿಂದ ನೋಡಿದರೆ ಒರಟು ಕಲ್ಲು. ಒಳಗೆ ನಡೆದರೆ ನಯ ಮಾಡಿದ ಮೈ ಮೇಲೆ ಹೆಸರುಗಳು, ಆಮೇಲೆ ಸೈನಿಕರು ಮನೆಗೆ ಬರೆದ ಕಾಗದಗಳು. ಇಡೀ ಇಡೀ ಕಾಗದವನ್ನೇ ಕಲ್ಲಿನಲ್ಲಿ ಕೊರೆದಿದ್ದಾರೆ. ಪ್ರವಾಹವಾದ ವರ್ಷ ನಾನು ಅಲ್ಲಿಗೆ ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ. ಯಾರದೋ ಮಗ ಯಾರದೋ ಅಮ್ಮನಿಗೆ ಬರೆದದ್ದು, ಬೆರಳಿಟ್ಟು ಓದುತ್ತಿದ್ದೆ. ಶಾಸನ ಓದುವ ಹಾಗೆ. ನೀವು ಬಂದ ಮೊದಲ ವಾರವೇ ಅಲ್ಲಿಗೆ ಹೋಗಿ. ಮಾಲ್ ಆಮೇಲೆ ನೋಡಬಹುದು.

ಮಗಳಿಗೆ ಈಗ ಇಪ್ಪತ್ತು ದಾಟಿದೆ. ಅವಳನ್ನು ಯಾವ ಊರು ಎಂದು ಯಾರಾದರೂ ಕೇಳಿದರೆ ಕೊಲಂಬಸ್ ಎನ್ನುತ್ತಾಳೆ. ಮೊದಲು ಅದನ್ನು ಕೇಳಿದಾಗ ಎದೆಯಲ್ಲಿ ಏನೋ ಮುರಿದ ಹಾಗಾಗುತ್ತಿತ್ತು. ಈಗ ಹಾಗಾಗುವುದಿಲ್ಲ. ಅವಳಿಗೆ ಈ ಊರು ಗೊತ್ತು, ಅದರ ಒಳ್ಳೆಯದೂ ಕೆಟ್ಟದ್ದೂ. ಭಾನುವಾರ ಬೆಳಿಗ್ಗೆ ಅವಳು ಅರಸೀಕೆರೆಗೆ ಫೋನ್ ಮಾಡುತ್ತಾಳೆ. ನಮ್ಮ ಅಮ್ಮ ಅಲ್ಲೇ ಇದ್ದಾರೆ. "ಅಜ್ಜಿ, ಇವತ್ತು ನಿಮ್ಮ ಬೀದಿ ಬಗ್ಗೆ ಹೇಳಿ" ಎಂದು ಶುರುಮಾಡುತ್ತಾಳೆ. ಅಮ್ಮ ಹೇಳುತ್ತಾರೆ: ಕೆರೆ ಒಣಗಿದ ವರ್ಷ ಅದರ ಅಂಗಳದಲ್ಲಿ ಹುಡುಗರು ಆಡಿದ್ದು, ನೀರಿಗೆ ಎಷ್ಟು ದೂರ ನಡೆದದ್ದು, ಅಪ್ಪ ಮೊದಲ ಸಲ ರೈಲಿನಲ್ಲಿ ಅವರನ್ನು ನೋಡಲು ಬಂದದ್ದು. ಮಗಳಿಗೆ ಕನ್ನಡ ಬರೆಯಲು ಸರಿಯಾಗಿ ಬರುವುದಿಲ್ಲ. ಅವಳು ಫೋನನ್ನು ಸ್ಪೀಕರಿನಲ್ಲಿ ಇಡುತ್ತಾಳೆ, ನಾನು ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತೇನೆ. ಇದುವರೆಗೆ ಎರಡು ನೋಟ್‌ಬುಕ್ ತುಂಬಿವೆ. ಎರಡನ್ನೂ ಮೇಲಿನ ಮಹಡಿಯ ಅಲಮಾರಿನಲ್ಲಿ ಇಟ್ಟಿದ್ದೇನೆ.